ಮೊಳೆಹಲಗೆಯ ದೈವ

ಆಟದ ಹಲಗೆಯೊಂದನ್ನು ಮುಂದಿಟ್ಟುಕೊಂಡು ಧರ್ಮವಿಚಾರಕ್ಕೆ ತೊಡಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಹೂಡಿದಂತೆ ಎಂದು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ನಮ್ಮ ಪೂರ್ವಿಕರು ಮಾತ್ರ ಆಟವನ್ನು ಅಷ್ಟು ಹಗುರವಾಗಿ ಕಂಡವರಲ್ಲ. ಪಗಡೆಯ ಹಾಸಿನ ಮುಂದೆ ನಡೆದ ಕಾರ್ಯದ ಫಲವಾಗಿ ಹದಿನೆಂಟು ಅಕ್ಷೋಹಿಣಿ ಸೈನ್ಯವು ಮಣ್ಣುಪಾಲಾಯಿತೆಂಬ ಕಥೆಯನ್ನು ಕೇಳುತ್ತ ಬೆಳೆದ ನಾಡು ಇದು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಸಾಲ, ನಿಕ್ಷೇಪ, ದಾಯಭಾಗ ಮೊದಲಾದ ಗಂಭೀರ ವಿಷಯಗಳ ಸಾಲಿನಲ್ಲಿಯೇ, ದ್ಯೂತಕ್ಕೂ ಸ್ಥಾನವಿದೆ. ಆದರೆ ಒಂದು ಮಾತು. ಶಾಸ್ತ್ರಕಾರರು ಆಡುವವನನ್ನು ಹಿಡಿದು ವಿಚಾರಿಸಿದರು, ಮೋಸದಿಂದ ಆಡಿಸುವವನನ್ನೂ ಹಿಡಿದು ವಿಚಾರಿಸಿದರು. ಆಟವನ್ನೇ ಕಟ್ಟಿದವನನ್ನು, ಎಂದರೆ ಕೀಸುಳಿ ಬೈರಿಗೆಗಳನ್ನು ಹಿಡಿದು ಹಲಗೆಯನ್ನು ಸಿದ್ಧಪಡಿಸಿದವನನ್ನು, ಕರೆದು ಕೇಳಿದ್ದು ಅಪೂರ್ವ. ಯಾವ ಮೋಸವೂ ಇಲ್ಲದಂತೆ, ಎಲ್ಲವೂ ಕಣ್ಣಿಗೆ ಕಾಣುವಂತೆ ಕಟ್ಟಿದ ಆಟದಲ್ಲಿ ಸೋತವನ ಸೋಲಿಗೆ ಕಟ್ಟಿದವನು ಎಷ್ಟರಮಟ್ಟಿಗೆ ಹೊಣೆ? ಪ್ರಕೃತ ಲೇಖನದ ಪ್ರಶ್ನೆ ಇಷ್ಟೆ.

ಪ್ರಶ್ನೆಯು ನನಗೆ ಗ್ರಂಥದಿಂದ ಬಂದುದಲ್ಲ, ಮನೆಯ ಹಿತ್ತಲಿನಿಂದ ಬಂದುದು. ನಮ್ಮ ಹುಣಸೂರು ಮರಕ್ಕೆ ಹೆಸರಾದ ಊರು. ನಾಗರಹೊಳೆ, ಕಾಕನಕೋಟೆಗಳ ತೇಗ, ಬೀಟೆ, ಹೊನ್ನೆ, ಮತ್ತಿಗಳ ಹೆಸರು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಮರಗೊಯ್ಯುವ ಮಿಲ್ಲುಗಳ ಸದ್ದಿಗೆ ಕಿವಿ ಒಗ್ಗಿಹೋದ ಜನ ನಾವು. ಇಂತಹ ಊರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಹಲಗೆ ಮೊಳೆಗಳ ಚಪಲ ಹುಟ್ಟಿದರೆ ಆಶ್ಚರ್ಯವಿಲ್ಲ. ನನ್ನ ಮೊಮ್ಮಗನು ಹಳೆಯ ಬೀರುವಿನ ತೇಗದ ಕದವೊಂದನ್ನು ಅಟ್ಟದಿಂದ ಇಳಿಸಿ, ತಾನು ‘ಪಿನ್‌ಬಾಲ್’ ಯಂತ್ರವನ್ನು ಮಾಡುವುದಾಗಿ ಸಾರಿದನು.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಇಳಿಜಾರಾಗಿ ನಿಲ್ಲಿಸಿದ ಹಲಗೆ. ಅದರ ಮೇಲೆ ನೆಟ್ಟ ಮೊಳೆಗಳು. ಬಲಗಡೆಯ ಓಣಿಯಲ್ಲಿ ಒಂದು ಸ್ಪ್ರಿಂಗಿನ ತಳ್ಳುಗೋಲು. ಗೋಲನ್ನು ಎಳೆದು ಬಿಟ್ಟರೆ ಗುಂಡು ಹಲಗೆಯ ನೆತ್ತಿಗೆ ಏರಿ, ಮೊಳೆಗಳಿಗೆ ಬಡಿಯುತ್ತ ಕೆಳಗಿಳಿದು ಯಾವುದಾದರೊಂದು ಮನೆಯಲ್ಲಿ ನಿಲ್ಲುವುದು. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ತಮ್ಮನಿಗಾಗಿ 1777ರಲ್ಲಿ ಕಟ್ಟಿದ ಬ್ಯಾಗಟೆಲ್ ಎಂಬ ವಿಲಾಸಮಂದಿರದ ಹೆಸರಿನಿಂದಲೇ ಇದರ ಮೂಲರೂಪವು ಪ್ರಸಿದ್ಧವಾಗಿದೆ. ಸ್ಪ್ರಿಂಗಿನ ತಳ್ಳುಗೋಲಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲಸಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬಾತನು 1871ರಲ್ಲಿ ಪೇಟೆಂಟು ಪಡೆದನು. ಪುಟ್ಟ ತೋಳುಗಳನ್ನು ಇಟ್ಟು, ಬೀಳುವ ಗುಂಡನ್ನು ಆಡುವವನೇ ಮತ್ತೆ ಮೇಲಕ್ಕೆ ಚಿಮ್ಮಿಸುವ ಉಪಾಯವು ಬಂದದ್ದು 1947ರಲ್ಲಿ, ಷಿಕಾಗೋ ನಗರದ ಗಾಟ್ಲೀಬ್ ಕಂಪನಿಯ ಯಂತ್ರದಲ್ಲಿ. ನಮ್ಮ ಮಕ್ಕಳು ರಜೆಯಲ್ಲಿ ಆಡುವ ಬ್ಯಾಗಟೆಲ್ ಹಲಗೆಯು ಈ ವಂಶದ ಬಡ ನೆಂಟ.

ಆಟವನ್ನು ಕಟ್ಟುವುದು ಕೀಳು ಕೆಲಸವೆಂದು ಮೈಸೂರು ಸೀಮೆಯವರು ಹೇಳುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಹಲಗೆಯಾಟಗಳನ್ನು ತಾವೇ ಕಲ್ಪಿಸಿದರು; ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯು ಇಂತಹ ಆಟಗಳಿಗೇ ಮೀಸಲು. ಆದಕಾರಣ ಹುಡುಗನಿಗೆ ನಾನು ಅಡ್ಡಿ ಹೇಳಲಿಲ್ಲ. ದಿನವೂ ಸಂಜೆ ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತೆನು.

ಕೆಲಸವು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ನಾಲ್ಕಡಿ ಉದ್ದದ ಹಲಗೆಗೆ ಹಿಂದುಗಡೆ ಐದೂವರೆ ಅಂಗುಲ ಎತ್ತರ ಕೊಟ್ಟರೆ ಗುಂಡಿನ ನಡೆ ಹದವಾಗಿರುವುದು. ಇನ್ನೂ ಎತ್ತರಿಸಿದರೆ ಧಾವಿಸುವುದು, ತಗ್ಗಿಸಿದರೆ ಮೊಳೆಯ ಸಂದಿಯಲ್ಲಿ ತೂಕಡಿಸುವುದು. ತೇಗವು ಸೀಳದಂತೆ ಪ್ರತಿಯೊಂದು ಮೊಳೆಗೂ ಮೊದಲು ಬೈರಿಗೆಯಿಂದ ತೂತು ಹಾಕಬೇಕು. ಗೋಲಿಯನ್ನು ಬಿಟ್ಟು ನೋಡಿದನು. ಗಾಜು ಹಗುರ, ಪುಟಿದು ಹಲಗೆಯಿಂದಾಚೆ ಹಾರಿತು. ಅನಂತರ ಯಾವುದೋ ವರ್ಕ್‌ಷಾಪಿನಿಂದ ಬೇರಿಂಗಿನ ಅರ್ಧ ಅಂಗುಲದ ಉಕ್ಕಿನ ಗುಂಡು ಬಂದಿತು. ಬಾಗಿಲಿನ ಚಿಲಕದ ಸರಳು ತಳ್ಳುಗೋಲಾಯಿತು, ಗುಜರಿಯ ಸುರುಳಿ ಅದಕ್ಕೆ ಬಲವಾಯಿತು, ಸೈಕಲ್ಲಿನ ಗಂಟೆ ಗೆಲುವಿನ ಘೋಷವಾಯಿತು. ಎಲ್ಲವೂ ಆದಮೇಲೆ ಗುಂಡು ಎಡಕ್ಕೇ ವಾಲತೊಡಗಿತು. ರಸಮಟ್ಟವನ್ನು ಇಟ್ಟು ನೋಡಿದರೆ ಬಲಗಾಲಿನ ಕೆಳಗೆ ಒಂದು ದಪ್ಪ ರಟ್ಟಿನಷ್ಟು ಹೆಚ್ಚು. ಅಷ್ಟೇ ಸಾಕು, ಮೊದಲನೆಯ ಮೊಳೆಯಲ್ಲಿ ಕೂದಲೆಳೆಯಷ್ಟಿದ್ದ ವ್ಯತ್ಯಾಸವು ಎಂಟನೆಯ ಮೊಳೆಯ ವೇಳೆಗೆ ಒಂದು ಗೇಣಾಗುವುದು. ನಮ್ಮ ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿದರೂ ಹೀಗೆಯೇ.

ಇನ್ನು ಮೊಳೆಗಳ ವಿನ್ಯಾಸ. ನೆತ್ತಿಯಲ್ಲಿ ಒಂದು, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು. ಮೇಲಿನ ಎರಡು ಮೊಳೆಗಳ ನಡುವಿಗೆ ಕೆಳಗಿನದೊಂದು ಬರುವಂತೆ ಎಂಟು ಸಾಲು, ಒಟ್ಟು ಮೂವತ್ತಾರು ಮೊಳೆ. ಕೊನೆಯಲ್ಲಿ ಸಮಾನ ಅಗಲದ ಒಂಬತ್ತು ಮನೆಗಳು. ಹುಡುಗನು ಇದನ್ನು ಪರದೇಶದ ಮಾದರಿಯೊಂದನ್ನು ನೋಡಿ ಮಾಡಿದನು. ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿದ್ವಾಂಸನು 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹುದೇ ಹಲಗೆಯ ವರ್ಣನೆಯಿದೆ. ನನಗಾದರೋ ಅದನ್ನು ಕಂಡೊಡನೆ ಪಾಠಶಾಲೆಯ ಛಂದಸ್ಸಿನ ಪಾಠವು ನೆನಪಾಯಿತು. ಇದು ಮೇರುಪ್ರಸ್ತಾರ! ಪಿಂಗಳನ ಛಂದಃಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧನು ಮನೆಗಳನ್ನು ಹೀಗೆಯೇ ಒಂದರ ಕೆಳಗೆ ಎರಡು, ಎರಡರ ಕೆಳಗೆ ಮೂರು ಎಂದು ಪರ್ವತಾಕಾರವಾಗಿ ಬರೆದು, ಮೇಲಿನ ಎರಡು ಮನೆಗಳ ಅಂಕಗಳನ್ನು ಕೂಡಿಸಿ ಕೆಳಗಿನ ಮನೆಯನ್ನು ತುಂಬುವ ಕ್ರಮವನ್ನು ವಿವರಿಸಿದ್ದಾನೆ. ಮಾನ್ಯಖೇಟದ ರಾಷ್ಟ್ರಕೂಟ ಕೃಷ್ಣನನ್ನು ಕೊಂಡಾಡಿ ಕಾವ್ಯ ಬರೆದವನೆಂದು ಪ್ರಸಿದ್ಧನಾದ ಆತನು ನಮಗೆ ಪರಕೀಯನೇನೂ ಅಲ್ಲ.

ಹೋಲಿಕೆಯು ಬರಿಯ ಆಕಾರದ್ದಲ್ಲ. ಗುಂಡು ಒಂದು ಮೊಳೆಗೆ ತಗುಲಿ ಎಡಕ್ಕೆ ಹೋದರೆ ಲಘು, ಬಲಕ್ಕೆ ಹೋದರೆ ಗುರು ಎನ್ನಿರಿ. ಎಂಟು ಸಾಲು ದಾಟುವುದರೊಳಗೆ ಅದು ಎಂಟಕ್ಷರದ ಒಂದು ಪಾದವನ್ನು ಬರೆದಂತಾಯಿತು. ಎಂಟಕ್ಷರದ ಪಾದದಲ್ಲಿ ಲಘುಗುರುಗಳ ವಿನ್ಯಾಸಗಳು ಒಟ್ಟು 256. ಎಲ್ಲವೂ ಗುರುವಾಗುವುದು ಅವುಗಳಲ್ಲಿ ಒಂದೇ ಒಂದು. ಅದಕ್ಕೆ ವಿದ್ಯುನ್ಮಾಲೆಯೆಂದು ಹೆಸರು. ಎಲ್ಲವೂ ಲಘುವಾಗುವುದೂ ಒಂದೇ. ನಾಲ್ಕು ಗುರು ನಾಲ್ಕು ಲಘು ಇರುವುವು 70; ಪ್ರಮಾಣಿಕಾವೃತ್ತವು ಈ ಎಪ್ಪತ್ತರ ಗುಂಪಿಗೆ ಸೇರಿದುದು. ಹೀಗಾಗಿ ಒಂಬತ್ತು ಮನೆಗಳಿಗೆ ಬರುವ ದಾರಿಗಳ ಸಂಖ್ಯೆ ಕ್ರಮವಾಗಿ 1, 8, 28, 56, 70, 56, 28, 8, 1. ಮನೆಗಳ ಅಗಲ ಒಂದೇ. ದಾರಿಗಳ ಸಂಖ್ಯೆ ಬೇರೆ. ಕಣ್ಣಿಗೆ ಸಮ, ಎಣಿಕೆಗೆ ವಿಷಮ. ಹುಡುಗನು ನೂರು ಬಾರಿ ಗುಂಡು ಬಿಟ್ಟು ನೋಡಿದನು. ನಡುವಿನ ಮನೆಗಳಲ್ಲಿ ರಾಶಿಯಾಯಿತು. ಎರಡು ಅಂಚುಗಳಿಗೆ ಒಂದು ಬಾರಿಯೂ ಬರಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ವಿನೋದ. ಭಾದ್ರಪದ ಹತ್ತಿರ ಬಂದಿತು. ಬೀದಿಯ ಹುಡುಗರು ಪ್ರತಿವರ್ಷ ಗಣಪತಿಯನ್ನು ಕೂರಿಸುವರು. ಪ್ರತಿವರ್ಷವೂ ಹಣ ಸಾಲದು. ಮೊಳೆಹಲಗೆಯನ್ನು ಚಪ್ಪರದ ಪಕ್ಕದಲ್ಲಿ ಇಡೋಣ, ಒಂದು ಆಟಕ್ಕೆ 10 ರೂಪಾಯಿ ತೆಗೆದುಕೊಳ್ಳೋಣ, ಎರಡು ಅಂಚಿನ ಮನೆಗಳಿಗೆ 500 ರೂಪಾಯಿ ಬಹುಮಾನ ಇಡೋಣ ಎಂದು ಅವರು ನಿಶ್ಚಯಿಸಿದರು. ನಮ್ಮ ಸೀಮೆಯಲ್ಲಿ ಅದು ತಂಬಾಕಿನ ಎಲೆ ಮುರಿದು ಬ್ಯಾರನ್ನಿನಲ್ಲಿ ಹದಮಾಡುವ ಕಾಲ. ಕೂಲಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ದೀಪ, ಹಾಡು, ಗಂಟೆಯ ಸದ್ದು. ಯಾರು ಬಂದು ನಿಲ್ಲುವರೆಂಬುದನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಡ.

ಲೆಕ್ಕವನ್ನು ನೋಡೋಣ. ಒಂಬತ್ತು ಮನೆಗಳಲ್ಲಿ ಎರಡಕ್ಕೆ ಬಹುಮಾನ. ಆದಕಾರಣ ನಾಲ್ಕೈದು ಆಟಕ್ಕೆ ಒಂದು ಸಲವಾದರೂ ಗೆಲ್ಲಬಹುದೆಂದು ಕಣ್ಣು ಹೇಳುವುದು. ಮೇರುವು ಹೇಳುವುದು ಬೇರೆ: 256ರಲ್ಲಿ ಎರಡು, ಎಂದರೆ 128 ಆಟಕ್ಕೆ ಒಂದು. 128 ಆಟಕ್ಕೆ ಬರುವ ಹಣ 1280 ರೂಪಾಯಿ, ಹೋಗುವುದು 500. ಒಬ್ಬ ಕೂಲಿಯವನು ಹಟ ಹಿಡಿದು ಇಪ್ಪತ್ತು ಆಟ ಆಡಿ 200 ರೂಪಾಯಿ ಕಳೆದನೆಂದು ಇಟ್ಟುಕೊಳ್ಳಿರಿ. ಅಂತಹ ಏಳು ಜನರಲ್ಲಿ ಸುಮಾರು ಆರು ಜನರು ಬರಿಗೈಯಲ್ಲಿ ಮನೆಗೆ ಹೋಗುವರು.

ಇನ್ನೊಂದು ಸೂಕ್ಷ್ಮವುಂಟು, ನನ್ನ ಮನಸ್ಸನ್ನು ಹೆಚ್ಚು ಕೆಡಿಸಿದುದು ಅದು. ತಳ್ಳುಗೋಲನ್ನು ಎಷ್ಟು ಬಲವಾಗಿ ಎಳೆದರೂ ಎಷ್ಟು ಮೆಲ್ಲಗೆ ಎಳೆದರೂ ಗುಂಡು ನೆತ್ತಿಗೆ ಮುಟ್ಟಿ ಒಂದು ಆಲಿಕೆಯೊಳಗೆ ಬಿದ್ದು, ಅಲ್ಲಿಂದ ಮೊದಲನೆಯ ಮೊಳೆಯ ಮೇಲೆಯೇ ಇಳಿಯುತ್ತಿದ್ದಿತು. ಗುಂಡು ಒಂದೇ ಮಗ್ಗುಲಿಗೆ ಗುಡ್ಡೆಯಾಗದಿರಲೆಂದು ಹುಡುಗನು ಮಾಡಿದ ಏರ್ಪಾಡು ಅದು, ಕಪಟವೇನೂ ಇಲ್ಲ. ಆದರೆ ಆಡುವವನ ಕಡೆಯಿಂದ ನೋಡಿರಿ. ಅವನು ಉಸಿರು ಬಿಗಿಹಿಡಿದು, ಬೆರಳಿನ ಹದವನ್ನು ನೋಡಿ, ಗೋಲನ್ನು ಎಳೆಯುವನು. ಸೋತರೆ ‘ಸ್ವಲ್ಪ ಜಾಸ್ತಿ ಎಳೆದೆ’ ಎನ್ನುವನು. ಆ ಎಳೆತಕ್ಕೂ ಫಲಕ್ಕೂ ಸಂಬಂಧವೇ ಇಲ್ಲ. ಅವನ ಕೈಗೆ ಕೆಲಸವನ್ನು ಕೊಟ್ಟು, ಆ ಕೆಲಸವು ವ್ಯರ್ಥವೆಂಬುದನ್ನು ಅವನಿಗೆ ತಿಳಿಯದಂತೆ ಇಟ್ಟಂತಾಯಿತು. ಗೋಲಿಲ್ಲದೆ ಗುಂಡನ್ನು ಸುಮ್ಮನೆ ಮೇಲಿನಿಂದ ಬಿಡುವ ಹಾಗಿದ್ದರೆ ಯಾರೂ ಇಪ್ಪತ್ತನೆಯ ಆಟವನ್ನು ಆಡುತ್ತಿರಲಿಲ್ಲ.

ನಾನು ಈ ಮಾತನ್ನು ಎತ್ತಿದಾಗ ಹುಡುಗರಲ್ಲಿ ಜಾಣನಾದ ಒಬ್ಬನು ಕೊಟ್ಟ ಉತ್ತರವು ಸುಲಭವಾಗಿ ತಳ್ಳಿಹಾಕುವಂತಹುದಲ್ಲ. “ನಾವೇನು ಮುಚ್ಚಿಟ್ಟಿದ್ದೀವಾ ತಾತ? ಮೊಳೆ ಎಲ್ಲ ಕಣ್ಣೆದುರಿಗೇ ಇದೆ. ಎಣಿಸಬೇಕಾದವರು ಎಣಿಸಿಕೊಳ್ಳಲಿ. ಬಲವಂತವಾಗಿ ಯಾರನ್ನೂ ಕರೆಯೋದಿಲ್ಲ. ದುಡ್ಡು ದೇವರಿಗೆ.”

ಈ ಉತ್ತರದಲ್ಲಿ ಮೂರು ಎಳೆಗಳಿವೆ. ದೇವರ ಮಾತು ಎಲ್ಲಕ್ಕಿಂತ ದುರ್ಬಲವಾದುದರಿಂದ ಅದನ್ನು ಮೊದಲು ಮುಗಿಸುವೆನು: ಗಣಪತಿಗೆ ಮಣ್ಣಿನ ಮೈಯೂ ಗರಿಕೆಯೂ ಸಾಕು, ಕೂಲಿಯವನ ಇನ್ನೂರು ರೂಪಾಯಿಯ ಬ್ಯಾಂಡು ಅವನಿಗೆ ಬೇಕೆಂದು ಯಾವ ಕಲ್ಪದಲ್ಲಿಯೂ ಹೇಳಿಲ್ಲ. ಬಲವಂತವಿಲ್ಲವೆಂಬುದು ನಿಜ. ಆದರೆ ಒಪ್ಪಿಗೆಯೆಂಬುದು ತಿಳಿವಿನ ಮೇಲೆ ನಿಂತಿರುವ ವಸ್ತು. ತಿಳಿಯದುದಕ್ಕೆ ಕೊಟ್ಟ ಒಪ್ಪಿಗೆ ಅರ್ಧ ಒಪ್ಪಿಗೆ. ಉಳಿದುದು ಮೊದಲನೆಯ ಮಾತು, ‘ಎಲ್ಲವೂ ಕಣ್ಣೆದುರಿಗೇ ಇದೆ’ ಎಂಬುದು. ವಿಚಾರದ ತಿರುಳೇ ಇದು. ತೋರಿಸಿದ ಮಾತ್ರಕ್ಕೆ ತಿಳಿಸಿದಂತಾಯಿತೆ?

ನಳೋಪಾಖ್ಯಾನದಲ್ಲಿ ಇದಕ್ಕೆ ಸರಿಯಾದ ಒಂದು ಪ್ರಸಂಗವಿದೆ. ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿದ್ದ ನಳನು ಋತುಪರ್ಣನನ್ನು ವಿದರ್ಭಕ್ಕೆ ಕರೆದೊಯ್ಯುತ್ತಿರುವಾಗ ದಾರಿಯಲ್ಲಿ ಒಂದು ವಿಭೀತಕ ವೃಕ್ಷವು ಕಾಣುವುದು. ಋತುಪರ್ಣನು ಅದರ ಎಲೆಗಳೂ ಕಾಯಿಗಳೂ ಎಷ್ಟೆಂಬುದನ್ನು ನೋಡಿದೊಡನೆ ಹೇಳುವನು. ನಳನು ನಂಬದೆ ರಥದಿಂದಿಳಿದು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುವುದು. ಆಮೇಲೆ ಅಶ್ವಹೃದಯವನ್ನು ಕೊಡುವ ಮಾತಿನ ಮೇಲೆ ಅಕ್ಷಹೃದಯವನ್ನು ಪಡೆಯುವನು. ಆ ವಿದ್ಯೆಯು ಒಳಹೊಕ್ಕೊಡನೆ ಕಲಿಯು ಅವನ ದೇಹವನ್ನು ಬಿಟ್ಟು ಆ ಮರವನ್ನು ಸೇರುವನು. ವಿಭೀತಕವೆಂದರೆ ನಮ್ಮ ತಾರೆಯ ಮರ. ತ್ರಿಫಲೆಗೆ ಅದರ ಕಾಯನ್ನು ಹಾಕುವರು. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಬೇಕಾದಷ್ಟಿವೆ. ಪ್ರಾಚೀನರು ಪಗಡೆಯ ದಾಳಕ್ಕೆ ಬಳಸುತ್ತಿದ್ದುದು ಇದರ ಕಾಯನ್ನೇ. ಕಥೆಯಲ್ಲಿ ನನ್ನ ಗಮನ ಸೆಳೆಯುವುದು ಇದು: ಮರವು ಇಬ್ಬರ ಕಣ್ಣಿಗೂ ಒಂದೇ ಸಮನಾಗಿ ಕಾಣುತ್ತಿದ್ದಿತು. ಒಂದು ಎಲೆಯನ್ನೂ ಯಾರೂ ಬಚ್ಚಿಟ್ಟಿರಲಿಲ್ಲ. ಆದರೂ ಒಬ್ಬನಿಗೆ ಸಂಖ್ಯೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ನಳನು ರಾಜ್ಯವನ್ನು ಕಳೆದುಕೊಂಡುದು ಕಾಣದಿದ್ದುದರಿಂದಲ್ಲ, ಎಣಿಸಲಾರದೆ ಹೋದುದರಿಂದ. ಧರ್ಮರಾಯನ ಪಾಡೂ ಅದೇ; ಬೃಹದಶ್ವನಿಂದ ಅವನಿಗೆ ಅಕ್ಷಹೃದಯ ದೊರೆತದ್ದು ಎಲ್ಲವನ್ನೂ ಸೋತು ಕಾಡು ಸೇರಿದ ಮೇಲೆ.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಮೊಳೆಗಳು ಪ್ರತ್ಯಕ್ಷ, ದಾರಿಗಳ ಸಂಖ್ಯೆ ಅನುಮಾನ. ಹಲಗೆಯನ್ನು ಕಟ್ಟಿದವನು ಅನುಮಾನವನ್ನು ತನ್ನಲ್ಲಿಟ್ಟುಕೊಂಡು ಪ್ರತ್ಯಕ್ಷವನ್ನು ಮಾತ್ರ ಎದುರಿಗಿಟ್ಟನು. ದಿಟವಾಗಿಯೂ ಅವನು ಸುಳ್ಳು ಹೇಳಲಿಲ್ಲ. ಆದರೆ ಮನೆಗಳನ್ನೆಲ್ಲ ಒಂದೇ ಅಗಲಕ್ಕೆ ಕೊಯ್ದಾಗ, ನೋಡುವವನ ಕಣ್ಣು ‘ಎಲ್ಲವೂ ಸಮ’ ಎಂದು ಹೇಳುವುದೆಂಬುದನ್ನು ಬಲ್ಲನಷ್ಟೆ? ಬಲ್ಲವನಾಗಿ ಅದರ ಮೇಲೆ ಬಹುಮಾನದ ಚೀಟಿಯನ್ನು ಅಂಟಿಸಿದಾಗ, ಬಾಯಿ ಹೇಳದ ಸುಳ್ಳನ್ನು ಹಲಗೆಯಿಂದ ಹೇಳಿಸಿದಂತಾಗಲಿಲ್ಲವೆ? ದೋಷವುಳ್ಳ ಸರಕನ್ನು ದೋಷವನ್ನು ತಿಳಿಸದೆ ಮಾರಿದವನನ್ನು ಸ್ಮೃತಿಗಳು ದಂಡಿಸುತ್ತವೆ. ಅಂಗಡಿಯವನು ತನ್ನ ಅಸಲು ಬೆಲೆಯನ್ನು ಹೇಳುವುದಿಲ್ಲವಲ್ಲ, ಅದಕ್ಕೇನು ಎಂದು ಕೇಳುವವರುಂಟು. ಅಸಲನ್ನು ಹೇಳಬೇಕಾಗಿಲ್ಲ, ತೂಕವನ್ನು ಹೇಳಬೇಕು. ಕೊಳ್ಳುವವನು ಕೊಳ್ಳುವುದು ತೂಕವನ್ನು. ಮೊಳೆಹಲಗೆಯ ಮುಂದೆ ನಿಂತವನು ಕೊಳ್ಳುವ ಸರಕು ಗೆಲ್ಲುವ ಸಂಭವವೊಂದೇ. ಅದನ್ನು ಹೇಳದಿದ್ದರೆ ತಕ್ಕಡಿಯನ್ನು ಪರದೆಯ ಹಿಂದೆ ಇಟ್ಟು ತೂಗಿದ ಹಾಗೆ. ಪಿರಿಯಾಪಟ್ಟಣದಲ್ಲಿ ಒಂದು ತಂಬಾಕಿನ ಬೇಲನ್ನು ಹಾಗೆ ತೂಗಿದರೆ ರೈತರು ಸುಮ್ಮನೆ ಬಿಡುವರೆ? ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೇಕು. ಕೌಟಿಲ್ಯನು ದ್ಯೂತಕ್ಕೊಬ್ಬ ಅಧ್ಯಕ್ಷನನ್ನು ನೇಮಿಸಿ, ದಾಳ ಕವಡೆಗಳನ್ನು ಅವನೇ ಒದಗಿಸತಕ್ಕದ್ದು, ಬೇರೆಯವನ್ನು ಬದಲಿಸಿದವನಿಗೆ ದಂಡವೆಂದು ವಿಧಿಸಿದುದರ ಅಭಿಪ್ರಾಯವೂ ಇದೇ. ಗೆದ್ದವನಿಂದ ನೂರಕ್ಕೆ ಐದನ್ನು ಅರಸನ ಬೊಕ್ಕಸಕ್ಕೆ ತೆಗೆದುಕೊಂಡನೆಂಬುದು ಬೇರೆಯ ಮಾತು. ಅರಸರು ಎಲ್ಲಿಯೂ ಬರಿಗೈಯಲ್ಲಿ ಧರ್ಮವನ್ನು ಕಾದವರಲ್ಲ.

ಈಗಿನ ನ್ಯಾಯಸ್ಥಾನಗಳು ಆಟವನ್ನು ವಿಚಾರಿಸುವಾಗ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಕೌಶಲ ಹೆಚ್ಚೋ ಅದೃಷ್ಟ ಹೆಚ್ಚೋ? ಕೌಶಲವೇ ಪ್ರಧಾನವಾದ ಸ್ಪರ್ಧೆಯು ಜೂಜಲ್ಲವೆಂದು 1957ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಹೇಳಿತು. 1968ರಲ್ಲಿ ರಮ್ಮಿಯನ್ನು ಕೌಶಲದ ಪಕ್ಷಕ್ಕೆ ಸೇರಿಸಿತು. ಅಮೆರಿಕದಲ್ಲಿ ಪಿನ್‌ಬಾಲ್ ಪಟ್ಟ ಪಾಡೂ ಇದರ ಮೇಲೆಯೇ. ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯ ಎಂಬಾತನು 1942ರಲ್ಲಿ ಅದನ್ನು ಜೂಜೆಂದು ನಿಷೇಧಿಸಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಯಿಸಿದನು. 1976ರಲ್ಲಿ ರೋಜರ್ ಷಾರ್ಪ್ ಎಂಬ ಆಟಗಾರನು ನಗರಸಭೆಯವರ ಎದುರಿಗೆ, ಗುಂಡು ಇಂತಹ ಓಣಿಯಲ್ಲಿಯೇ ಇಳಿಯುವುದೆಂದು ಮೊದಲೇ ಹೇಳಿ ಗೋಲನ್ನೆಳೆದು ಹಾಗೆಯೇ ಇಳಿಸಿ ತೋರಿಸಿದನು, ನಿಷೇಧವು ತೆಗೆಯಲ್ಪಟ್ಟಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯಭಾಗಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಕೌಶಲವೋ ಅದೃಷ್ಟವೋ ಎಂಬ ಗೋಜಿಗೇ ಹೋಗದೆ, ಹಣವಿಟ್ಟು ಆಡುವ ಆನ್‌ಲೈನ್ ಆಟವೆಲ್ಲವೂ ಬೇಡವೆಂದಿತು.

ಕೌಶಲವೋ ಅದೃಷ್ಟವೋ ಎಂಬ ಈ ವಿಭಾಗವು ನಮ್ಮವರ ದೈವ ಪುರುಷಕಾರಗಳ ವಿಭಾಗವನ್ನು ನೆನಪಿಗೆ ತರುವುದು. ಫಲವು ಎರಡೂ ಕೂಡಿ ಆಗುವುದೆಂದೂ, ದೈವವೆಂದರೆ ಹಿಂದಿನ ದೇಹದಲ್ಲಿ ತಾನೇ ಮಾಡಿದ ಪೌರುಷವೆಂದೂ ಯಾಜ್ಞವಲ್ಕ್ಯನ ಮತ. ಅದರಲ್ಲಿ ಒಂದು ನ್ಯಾಯವಿದೆ: ಬಿತ್ತಿದವನೇ ಉಣ್ಣುವನು. ಮೊಳೆಹಲಗೆಯ ಮುಂದೆ ಈ ನ್ಯಾಯ ನಡೆಯದು. ಅಲ್ಲಿ ಆಡುವವನು ‘ನನ್ನ ಅದೃಷ್ಟ’ ಎಂದು ಹಣೆ ಚಚ್ಚಿಕೊಳ್ಳುವುದು ತನ್ನ ಪೂರ್ವಜನ್ಮದ ಕರ್ಮಕ್ಕಲ್ಲ. ಇನ್ನೊಬ್ಬನು ಈ ಜನ್ಮದಲ್ಲಿ, ಕಳೆದ ತಿಂಗಳು, ಹಿತ್ತಲಿನಲ್ಲಿ ಕುಳಿತು ಸುತ್ತಿಗೆಯಿಂದ ಹೊಡೆದ ಮೊಳೆಗಳಿಗೆ. ಒಬ್ಬನ ಪುರುಷಕಾರವು ಇನ್ನೊಬ್ಬನಿಗೆ ದೈವದ ವೇಷದಲ್ಲಿ ಬಂದು ತಗುಲುವುದು. ಕಟ್ಟುವವನ ಹೊಣೆ ಹುಟ್ಟುವುದು ಇಲ್ಲಿ ಎಂದು ನನ್ನ ಮತ. ಗುಂಡು ಯಾವ ಮನೆಗೆ ಬೀಳುವುದೆಂಬುದಕ್ಕೆ ಅವನು ಹೊಣೆಯಲ್ಲ, ಅದು ಅವನಿಗೂ ಗೊತ್ತಿಲ್ಲ. ಯಾವ ಮನೆಗೆ ಎಷ್ಟು ದಾರಿ ಎಂಬುದಕ್ಕೆ ಅವನೇ ಹೊಣೆ, ಅದನ್ನು ಮಾಡಿದವನು ಅವನೇ. ಸೋತವನು ತನ್ನ ಸೋಲನ್ನು ದೇವರ ಮೇಲೆ ಹೊರಿಸುವಂತೆ ಮಾಡಿ ತಾನು ಮರೆಯಲ್ಲಿ ನಿಲ್ಲುವುದಕ್ಕೆ ಅವನಿಗೆ ಅಧಿಕಾರವಿಲ್ಲ. ಈ ಮಾತು ಮರದ ಹಲಗೆಗಿಂತ ಈಗ ಎಲ್ಲರ ಅಂಗೈಯಲ್ಲಿರುವ ಗಾಜಿನ ಹಲಗೆಗೆ ಹೆಚ್ಚಾಗಿ ಸಲ್ಲುವುದು. ಅದರಲ್ಲಿ ಮೊಳೆಗಳೂ ಕಾಣುವುದಿಲ್ಲ.

ನಾನು ಹುಡುಗರಿಗೆ ಹಣದ ಆಟವು ಬೇಡವೆಂದೆನು. ಬೀದಿಯಲ್ಲಿ ಹಣವಿಟ್ಟು ಅದೃಷ್ಟದ ಆಟವಾಡಿಸುವುದು ಪೊಲೀಸು ಕಾಯಿದೆಗೂ ವಿರೋಧವೆಂದು ಸೇರಿಸಿದೆನು. ಆದರೆ ಕಾಯಿದೆಯ ಭಯದಿಂದ ಬಿಟ್ಟರೆ ಬುದ್ಧಿಗೆ ಏನೂ ದಕ್ಕಿದಂತಾಗಲಿಲ್ಲ. ಆದುದರಿಂದ, “ಒಂಬತ್ತು ಮನೆಗಳ ಕೆಳಗೆ ಒಂಬತ್ತು ಅಂಕಗಳನ್ನೂ ಬರೆಯಿರಿ. ಬರೆದ ಮೇಲೂ ಹತ್ತು ರೂಪಾಯಿ ಕೇಳುವುದಕ್ಕೆ ನಿಮಗೆ ಬಾಯಿ ಬರುವುದೇ ನೋಡಿಕೊಳ್ಳಿ” ಎಂದಷ್ಟೇ ಹೇಳಿ ಎದ್ದು ಬಂದೆನು. ಅವರಲ್ಲಿ ಆ ರಾತ್ರಿ ಜಗಳವೇ ಆಯಿತಂತೆ. ಬರೆದರೆ ಯಾರೂ ಆಡುವುದಿಲ್ಲವೆಂದು ಕೆಲವರು. ಬರೆದರೆ ಯಾರೂ ಆಡುವುದಿಲ್ಲವೆಂಬುದೇ ಬರೆಯಬೇಕೆಂಬುದಕ್ಕೆ ಸಾಕ್ಷಿಯೆಂದು ನನ್ನ ಮೊಮ್ಮಗ. ಜಾಣನಾದ ಆ ಹುಡುಗನು ಮುನಿಸಿಕೊಂಡು ಆ ವರ್ಷ ಚಪ್ಪರದ ಕಡೆಗೆ ಬರಲಿಲ್ಲ. ಬ್ಯಾಂಡಿಗೆ ಹಣ ಸಾಲದೆ ಮೆರವಣಿಗೆಯು ತಮಟೆಯಲ್ಲಿ ಮುಗಿಯಿತು. ಇವು ಸಣ್ಣ ನಷ್ಟಗಳಲ್ಲ. ಹದಿನೇಳರ ವಯಸ್ಸಿನಲ್ಲಿ ಗೆಳೆಯನ ಮುನಿಸು ರಾಜ್ಯಭ್ರಂಶಕ್ಕೆ ಕಡಮೆಯೇನೂ ಅಲ್ಲ.

ಅಂಕಗಳನ್ನು ಬರೆದ ಹಲಗೆಯು ಹಣವಿಲ್ಲದೆ, ಬಹುಮಾನವಿಲ್ಲದೆ, ಚಪ್ಪರದ ಪಕ್ಕದಲ್ಲಿ ಐದು ದಿನ ಇದ್ದಿತು. ಆಲಿಕೆಯ ಮೇಲೆ ‘ಹೇಗೆ ಎಳೆದರೂ ಒಂದೇ’ ಎಂದು ಕೆಂಪು ಮಸಿಯಲ್ಲಿ ಬರೆದಿದ್ದನು. ಜನರು ಆಡಿದರು. ಎಲೆ ಮುರಿಯುವ ಕೆಲಸ ಮುಗಿಸಿ ಬಂದ ಹೆಂಗಸೊಬ್ಬಳು ಅಂಕಗಳನ್ನು ತನ್ನ ಮಗನಿಂದ ಓದಿಸಿಕೊಂಡು, “ಅಂಗಾದ್ರೆ ಆ ಮೂಲೆಗೆ ಬೀಳೋದು ಬಾಳ ಅಪರೂಪ ಅನ್ನಿ” ಎಂದಳು. ಆಮೇಲೆಯೂ ಹತ್ತು ಬಾರಿ ಗುಂಡು ಬಿಟ್ಟಳು. ಒಂದು ಬಾರಿ ಅಂಚಿನ ಪಕ್ಕದ ಮನೆಗೆ ಬಿದ್ದಾಗ ಅವಳು ಪಟ್ಟ ಸಂತೋಷವು ಬಹುಮಾನ ಪಡೆದವರಿಗೂ ದುರ್ಲಭ. ಎಂಟು ದಾರಿಗಳ ಮನೆ ಅದು ಎಂಬುದನ್ನು ಅವಳು ತಿಳಿದಿದ್ದಳು. ಅಪರೂಪವನ್ನು ಅಪರೂಪವೆಂದು ತಿಳಿದು ಅನುಭವಿಸಿದಳು. ಎಣಿಕೆ ತಿಳಿದರೆ ಆಟದ ರಸ ಕೆಡುವುದೆಂಬ ವಾದಕ್ಕೆ ಇದಕ್ಕಿಂತ ಬೇರೆ ಸಮಾಧಾನ ನನ್ನಲ್ಲಿಲ್ಲ.

ಹುಡುಗನು ಈಗ ಎರಡನೆಯ ಹಲಗೆಯನ್ನು ಕಟ್ಟುತ್ತಿದ್ದಾನೆ. ಇದರಲ್ಲಿ ಆಲಿಕೆಯಿಲ್ಲ; ಎಳೆತಕ್ಕೆ ತಕ್ಕಂತೆ ಗುಂಡಿನ ದಾರಿ. ಕೆಳಗೆ ಮರದ ಎರಡು ತೋಳುಗಳು, ಅವಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಬ್ರೇಕಿನ ವಯರನ್ನು ಹಲಗೆಯ ಅಡಿಯಲ್ಲಿ ಹಾಯಿಸಿ ಎರಡು ಮಗ್ಗುಲಿನ ಗುಂಡಿಗಳಿಗೆ ಕಟ್ಟಿದ್ದಾನೆ. ಇದು ಕೌಶಲದ ಆಟ, ಇದರಲ್ಲಿ ಕಟ್ಟಿದವನ ಹೊಣೆ ಮುಗಿಯಿತೆಂದು ನ್ಯಾಯಸ್ಥಾನವು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಎರಡು ತೋಳುಗಳ ನಡುವೆ ಗುಂಡು ಕೆಳಗೆ ಬೀಳುವ ಒಂದು ಬಾಯಿಯುಂಟು. ಅದು ಅಗಲವಾದರೆ ಯಾವ ಕೌಶಲವೂ ಉಳಿಸದು. ಕಿರಿದಾದರೆ ಆಟ ಮುಗಿಯುವುದೇ ಇಲ್ಲ. ಆಡುವವನ ಪುರುಷಕಾರಕ್ಕೆ ಎಷ್ಟು ಎಡೆಯೆಂಬುದನ್ನು ಮತ್ತೆ ಕಟ್ಟುವವನೇ ಗೊತ್ತುಮಾಡಬೇಕು. ಮೊದಲು ಒಂದು ಅಂಗುಲ ಇಟ್ಟಿದ್ದನು. ಹತ್ತು ವರ್ಷದ ಅವನ ತಂಗಿ ಮೂರು ದಿನ ಆಡಿ, “ಅಣ್ಣ, ಇದು ನುಂಗೋಕೇ ಮಾಡಿರೋ ಬಾಯಿ” ಎಂದು ದೂರಿಟ್ಟಳು. ಅವನು ಮರುಮಾತಾಡದೆ ತೋಳುಗಳನ್ನು ಕಿತ್ತು ಮುಕ್ಕಾಲು ಅಂಗುಲಕ್ಕೆ ಹತ್ತಿರ ತಂದು ಮೊಳೆ ಹೊಡೆದನು. ಅಳತೆಯನ್ನು ಹಲಗೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದನು. ಅವಳು ಇನ್ನೂ ಆಡಿ ನೋಡುತ್ತಿದ್ದಾಳೆ.